ಕೋಟ್ ಪೀಸ್ ಬರ್ತೈತಿ ಅಂದ್ರ ಬ್ರಿಡ್ಜ್ ಅರ್ಧ ಬಂದಂಗ

ಬ್ರಿಡ್ಜ್ ಅಂದ್ರ ದೊಡ್ಡ ಸಿಟಿ ಕ್ಲಬ್ಬಿನಾಗ ಸಾಹೇಬ್ರು ಆಡೋ ಎಲಿ ಆಟ ಅಂತ ನಮ್ ಕಾರಟಗಿ ಕಡೆ ಭಾಳ ಮಂದಿ ತಿಳ್ಕೊಂಡಾರ. ಆದ್ರ ಬ್ಯಾಸಗಿ ಮಧ್ಯಾಹ್ನ ಬೇವಿನ ಗಿಡದ ಕೆಳಗ ಚಾಪಿ ಹಾಸಿ ಕೋಟ್ ಪೀಸ್ ಆಡೋ ಮಂದಿಗೆ ಇದನ್ನ ಕಲಿಯೋದು ಏನೂ ಕಷ್ಟ ಇಲ್ರಿ. ನಾಕ್ ಮಂದಿ, ಎದುರಿಗೆ ಕುಂತವ್ರು ಜೋಡಿ, ಒಬ್ಬೊಬ್ರಿಗೆ 13 ಎಲಿ, ಯಾವ ರಂಗು ಇಳೀತೋ ಅದೇ ರಂಗು ಹಾಕ್ಬೇಕು, ಇಲ್ಲಂದ್ರ ತುರುಫು (ಉಳಿದ ರಂಗನ್ನೆಲ್ಲಾ ಸೋಲಿಸೋ ರಂಗು) ಹೊಡಿಬಹುದು ಇಲ್ಲಾ ಬ್ಯಾರೆ ಎಲಿ ಒಗಿಬಹುದು. ಇಷ್ಟೂ ನಮಗ ಗೊತ್ತಿದ್ದದ್ದೇ.

ಫರಕ್ ಎಲ್ಲಿ ಅಂದ್ರ, ಕೋಟ್ ಪೀಸಿನಾಗ ಮೊದಲ 5 ಎಲಿ ನೋಡಿ ತುರುಫು ಹೇಳ್ತೀವಿ, 7 ಕೈ (ನಾಕೂ ಮಂದಿ ಒಂದೊಂದು ಎಲಿ ಹಾಕಿದ್ರ ಒಂದು ಕೈ) ಆದ್ರ ಗೆದ್ದಂಗ. ಬ್ರಿಡ್ಜಿನಾಗ 13 ಎಲಿನೂ ನೋಡಿ ಹರಾಜು ಕೂಗ್ಬೇಕು. 6 ಕೈ ಲೆಕ್ಕಕ್ಕೇ ಇಲ್ಲ, ಅದರ ಮ್ಯಾಲೆ ಎಷ್ಟು ಅನ್ನೋದೇ ಮಾತು, ಅಂದ್ರ 4 ಇಸ್ಪೀಟ್ (ಸ್ಪೇಡ್ ರಂಗು) ಅಂತ ಕೂಗಿದ್ರ ಇಸ್ಪೀಟ್ ತುರುಫು, 10 ಕೈ ಮಾಡಿ ತೋರಿಸ್ಬೇಕು. ಕೂಗೋದಕ್ಕ ಆಧಾರ ಏನಂದ್ರ ಎಕ್ಕಕ್ಕ 4, ರಾಜಾಗ 3, ರಾಣಿಗೆ 2, ಗುಲಾಮಗ 1 ಪಾಯಿಂಟು, ಇಡೀ ಕಟ್ಟಿನಾಗ 40. ನಿಮ್ ಕೈಯಾಗ 12-13 ಇದ್ರ ಬಾಯಿ ತಗಿಬಹುದು.

ನನಗ ಭಾಳ ಮನಸಿಗೆ ಹಿಡಿಸಿದ್ದು ಡಮ್ಮಿ. ಹರಾಜು ಗೆದ್ದವ್ರ ಎಡಗಡಿಯವ್ರು ಮೊದಲ ಎಲಿ ಇಳಿಸಿದ ಕೂಡ್ಲೇ ಗೆದ್ದವ್ರ ಜೋಡಿದಾರ ತನ್ನ 13 ಎಲಿನೂ ಎಲ್ಲರ ಮುಂದ ಬಿಚ್ಚಿಡ್ತಾನ, ಆಮ್ಯಾಲೆ ಸುಮ್ಮನ ಕುಂದ್ರೋದು. ಅಲ್ಲಿಂದ ಆಟ ನಸೀಬಿಂದಲ್ಲ, ಲೆಕ್ಕದ್ದು.

ನನಗ ಕಲಿಸಿದವ್ರು ನಮ್ ಕಾಕಾ, ನೌಕರಿ ಮ್ಯಾಲೆ ಊರೂರು ತಿರುಗಿ ಆಟ ಕಲ್ತು ಬಂದವ್ರು. ಒಂದ್ಸಲ ನಂದು 4 ಇಸ್ಪೀಟಿನ ಆಟ, ನನ್ ಕೈಯಾಗ ಇಸ್ಪೀಟ್ 5, ಡಮ್ಮಿಯಾಗ 3, ಎಕ್ಕ ರಾಜ ರಾಣಿ ಮೂರೂ ನಮ್ಮಲ್ಲೇ. ಕಾಕಾ ಹಿಂದ ಕುಂತು "ತಡಿಯಪಾ, ಎಲಿ ಮುಟ್ಟಬ್ಯಾಡ, ಹೊರಗ ಎಷ್ಟದಾವ ಹೇಳು" ಅಂದ್ರು. 5 ಅಂದೆ. "ಆ 5 ಇಬ್ಬರ ಕೈಯಾಗ ಹೆಂಗ ಹಂಚಿರ್ತಾವ?" ಅಂದ್ರು. ನೂರಕ್ಕ 68 ಸಲ 3-2 ಇರ್ತಾವಂತ, 28 ಸಲ 4-1, ಉಳಿದದ್ದು 5-0. ಎಕ್ಕ ಇಳಿಸಿದೆ, ಇಬ್ರೂ ಇಸ್ಪೀಟ್ ಹಾಕಿದ್ರು, ರಾಜ ಇಳಿಸಿದೆ, ಮತ್ತ ಇಬ್ರೂ ಹಾಕಿದ್ರು, ಹೊರಗ ಒಂದೇ ಉಳೀತು, ರಾಣಿಗೆ ಅದೂ ಬಿತ್ತು. ಇನ್ಮ್ಯಾಲೆ ನನ್ನ ಆಟೀನ್ ಎಕ್ಕಕ್ಕ ತುರುಫು ಹೊಡಿಯೋರು ಯಾರೂ ಇಲ್ಲ! ಆವತ್ತಿಂದ ನಾನು ಎಲಿ ಎಣಿಸದ ಆಡಂಗಿಲ್ಲ.

ಎಲಿ ಆಟ ಅಂದಕೂಡ್ಲೇ ನಮ್ಮೂರಾಗ ಜೂಜು ಅಂತಾರ, ಅದು ನನಗ ಬ್ಯಾಸರ. ನಾವು ಒಂದ್ ರೂಪಾಯಿ ಇಟ್ಟು ಆಡಂಗಿಲ್ಲ. 2018ರ ಜಕಾರ್ತಾ ಏಷ್ಯನ್ ಗೇಮ್ಸಿನಾಗ ಇದೇ ಬ್ರಿಡ್ಜಿಗೆ ಪ್ರಣಬ್ ಬರ್ಧನ್, ಶಿವನಾಥ್ ಸರ್ಕಾರ್ ಜೋಡಿ ಭಾರತಕ್ಕ ಚಿನ್ನ ತಂದದ, ಆಗ ಬರ್ಧನ್ ಅವರಿಗೆ 60 ವರ್ಷ.

ಹೊಸದಾಗಿ ಕಲಿಯೋರು ಹರಾಜಿನ ಪುಸ್ತಕ ಹಿಡಿಬ್ಯಾಡ್ರಿ. ಮಿನಿಬ್ರಿಡ್ಜ್ ಅಂತ ಐತಿ, ಅದರಾಗ ಕೂಗೋದೇ ಇಲ್ಲ, ಎಲ್ಲಾರೂ ತಮ್ ತಮ್ ಪಾಯಿಂಟು ಹೇಳೋದು, ಯಾವ ಜೋಡಿದು ಜಾಸ್ತಿ ಅದರಾಗ ಹೆಚ್ಚು ಇದ್ದವ್ರು ಡಮ್ಮಿ ನೋಡಿ ತುರುಫು ಆರಿಸೋದು, ಆಡೋದು. ಕೋಟ್ ಪೀಸ್ ಗೊತ್ತಿದ್ದ ನಾಕ್ ಮಂದಿ ಸಿಕ್ರ ಸಾಕು, ಒಂದ್ ಮಧ್ಯಾಹ್ನದಾಗ ಶುರು ಮಾಡಬಹುದು.