ನಾಟಕದ ಡೈರಿ: ಹಂಡೆ ಕೊನೆಗೂ ಕತೆಯೊಳಗೆ ಬಂತು

ನಿನ್ನೆ ರಾತ್ರಿ ಹನ್ನೊಂದೂವರೆಗೆ ಉಪಕತೆ ಮುಖ್ಯ ಕತೆಗೆ ಗಂಟು ಬಿತ್ತು. ಮೂರು ವಾರ ತಲೆ ತಿಂದಿತ್ತು ಮಾರಾಯ್ರೇ.

ಅಣ್ಣ ತಮ್ಮ ಮನೆ ಪಾಲು ಮಾಡಿಕೊಳ್ಳೋದು ಮುಖ್ಯ ಕತೆ. ಪಕ್ಕದಲ್ಲಿ ಉಪಕತೆ: ಅಡುಗೆಯ ನಂಜಪ್ಪ ಮತ್ತು ಅವನಿಗೆ ಸಾಲ ಕೊಟ್ಟ ಇನ್ನೊಬ್ಬ. ತಾಲೀಮಿನಲ್ಲಿ ಇವರಿಗೇ ಜಾಸ್ತಿ ನಗು. ಆದರೆ ಇವರ ಮೂರೂ ದೃಶ್ಯ ಕಿತ್ತರೆ ನಾಟಕಕ್ಕೆ ಏನೂ ಆಗುತ್ತಿರಲಿಲ್ಲ. ಸರಿ, ಕಿತ್ತೇ ಹಾಕಿದೆ. ಆಮೇಲೆ ಗೊತ್ತಾಯಿತು, ಆ ಹೊತ್ತಿನಲ್ಲೇ ನಮ್ಮ ಅಣ್ಣನ ಪಾತ್ರಧಾರಿ ಮೀಸೆ ಬಿಳಿ ಮಾಡಿಕೊಳ್ಳುತ್ತಿದ್ದ ಅಂತ! ಕತ್ತಲು ಮಾಡಿ ಹಾಡು ಹಾಕಿದೆವು. ಎರಡು ನಿಮಿಷ. ನೋಡಲು ಬಂದಿದ್ದ ನಾಲ್ಕು ಜನರೂ ಮೊಬೈಲ್ ತೆಗೆದರು.

ಕಂಪನಿ ನಾಟಕದವರಿಗೆ ಇದು ಹಳೇ ವಿದ್ಯೆ. ಮುಂದೆ ಬೀದಿ ಪರದೆ ಇಳಿಸಿ ಹಾಸ್ಯ, ಹಿಂದೆ ಅರಮನೆ ಜೋಡಣೆ. ಕಾರ್ನಾಡರು 'ತುಘಲಕ್'ನಲ್ಲಿ (1964) ಹಿಡಿದದ್ದೂ ಇದೇ ಜಾಡು. ಅದನ್ನೇ ಮತ್ತೆ ಬಿಚ್ಚಿ ಕೂತೆ. ಅಗಸ ಅಜೀಜ್ ಸುಮ್ನೆ ನಗಿಸಿ ಹೋಗುವವನಲ್ಲ. ಸುಲ್ತಾನನ ಮೇಲೂ ದಾವೆ ಹೂಡಬಹುದು ಅಂದರೆ ಬ್ರಾಹ್ಮಣನ ವೇಷ ಹಾಕಿ ಗೆಲ್ಲುತ್ತಾನೆ. ತಾಮ್ರದ ನಾಣ್ಯ ಬಂದರೆ ಖೋಟಾ ಮಾಡುತ್ತಾನೆ. ದೊರೆಯ ಒಂದೊಂದು ಕನಸೂ ಇವನಿಗೆ ಸಂಪಾದನೆ.

ನಂಜಪ್ಪನಿಗೆ ಪಾಲಿನಿಂದ ಏನು ಸಂಪಾದನೆ? ಅಲ್ಲಿ ಸಿಕ್ಕಿತು. ಪಾಲಿನ ಪಟ್ಟಿಯಲ್ಲಿ ಒಂದು ತಾಮ್ರದ ಹಂಡೆ ಇದೆ, ಹೆಸರಿಗಷ್ಟೇ. ಪಾಲಿನ ಹಿಂದಿನ ರಾತ್ರಿ ನಂಜಪ್ಪ ಅದನ್ನು ಅಡವಿಟ್ಟುಬಿಡುತ್ತಾನೆ. ಅಣ್ಣ ತಮ್ಮ ಒಬ್ಬರ ಮೇಲೊಬ್ಬರು ಅನುಮಾನ ಪಡುತ್ತಾರೆ, ತನ್ನನ್ನು ಯಾರು ಕೇಳುತ್ತಾರೆ ಅನ್ನೋದು ಅವನ ಲೆಕ್ಕ. ಬೆಳಿಗ್ಗೆ ಬಚ್ಚಲ ಒಲೆಯ ಮೇಲೆ ದುಂಡನೆಯ ಮಸಿ ಗುರುತು ಮಾತ್ರ. ಅಣ್ಣ ತಿರುಗಿ ತಮ್ಮನ ಮುಖ ನೋಡುತ್ತಾನೆ. ಹೊಸದಾಗಿ ಬರೆದದ್ದು ಆರೇ ಸಾಲು!

ನಗುವೇ ಇಲ್ಲದ ಉಪಕತೆಯೂ ಒಂದು ಮಾಡಬೇಕು. 'ಕಿಂಗ್ ಲಿಯರ್'ನಲ್ಲಿ ಷೇಕ್ಸ್‌ಪಿಯರ್ ಗ್ಲಾಸ್ಟರ್‌ನ ಕತೆಯನ್ನು ಫಿಲಿಪ್ ಸಿಡ್ನಿ ಅನ್ನೋ ಲೇಖಕನ ಗದ್ಯಕತೆಯಿಂದ ಎತ್ತಿ ತಂದು ಪಕ್ಕಕ್ಕಿಟ್ಟನಲ್ಲ, ಹಾಗೆ. ಎರಡು ಮನೆ, ಮಕ್ಕಳನ್ನು ತಪ್ಪು ತಿಳಿದ ಇಬ್ಬರು ಅಪ್ಪಂದಿರು. ಎರಡು ಪುಟ ಬರೆದೂ ಆಯಿತು. ಇದು ಮುಗಿಯುವವರೆಗೆ ಮುಟ್ಟಬೇಡ ಅಂತ ಹೆಂಡತಿ ಆ ನೋಟ್‌ಬುಕ್ ಬಚ್ಚಿಟ್ಟಿದ್ದಾಳೆ.

ಈಗ ಹಂಡೆಯದೇ ತಾಪತ್ರಯ. ಬಾಡಿಗೆಯವರು ಕಳಿಸಿದ್ದು ತಾಮ್ರದ ಬಣ್ಣ ಬಳಿದ ಪ್ಲಾಸ್ಟಿಕ್ ಡ್ರಮ್ಮು. "ದೂರದಿಂದ ಗೊತ್ತಾಗಲ್ಲ ಸಾರ್" ಅಂತೆ. ಕೆಳಗಿಟ್ಟರೆ ಠಣ್ ಅನ್ನಬೇಕಲ್ವಾ? ಇದು ಡಬ್ ಅನ್ನುತ್ತೆ. ಅಡ್ವಾನ್ಸ್ ವಾಪಸ್ ಕೇಳಿದ ಮೇಲೆ ಫೋನೇ ಎತ್ತುತ್ತಿಲ್ಲ.

ಭಾನುವಾರ ದೊಡ್ಡಮ್ಮನ ಮನೆ ಹಂಡೆ ಬರುತ್ತೆ. "ಅಡವಿಡೋದು ನಾಟಕದಲ್ಲಿ ಮಾತ್ರ ತಾನೇ?" ಅಂತ ಎರಡು ಸಲ ಕೇಳಿದರು.