ನಿಲ್ ಊರಿನಲ್ಲಿ ಮನೆ ಅಗ್ಗ, ಆದರೆ ಸಿಗುವುದಿಲ್ಲ

ಆಸ್ಟ್ರೇಲಿಯಾದ ಪ್ರಾದೇಶಿಕ ಊರುಗಳಲ್ಲಿ ನೆಲೆಸಿ ದುಡಿಯಲು ಕೊಡುವ 491 ವೀಸಾ ಕೈಗೆ ಬಂದ ಮೇಲೆ ನಮ್ಮವರಲ್ಲಿ ಅನೇಕರು ಮೊದಲು ಮಾಡುವ ಕೆಲಸ, ಮನೆ ಮಾರಾಟದ ಜಾಲತಾಣದಲ್ಲಿ ಬೆಲೆ ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ ನೋಡುವುದು. ವಿಕ್ಟೋರಿಯಾ ರಾಜ್ಯದ ಪಶ್ಚಿಮ ಮೂಲೆಯ ಊರುಗಳು ಆಗ ಮೇಲೆ ಬರುತ್ತವೆ. ಮೂರು ಮಲಗುವ ಕೋಣೆ, ದೊಡ್ಡ ಹಿತ್ತಲು, ತಗಡಿನ ಶೆಡ್, ಮೆಲ್ಬರ್ನ್ ಬೆಲೆಯ ಮೂರನೇ ಒಂದು ಭಾಗಕ್ಕೆ. ಆದರೆ ಅದೇ ಊರಿನಲ್ಲಿ ಕೆಲಸ ಸಿಕ್ಕಿದ ನರ್ಸ್ ಬಾಡಿಗೆಗೆ ಒಂದು ಮನೆ ಹುಡುಕಿಕೊಳ್ಳಲು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಬೆಲೆ ಇಷ್ಟು ಕಡಿಮೆ ಇರುವಲ್ಲಿ ಮನೆಗೆ ಇಷ್ಟು ಬರ ಹೇಗೆ? ಇದನ್ನು ಅರ್ಥ ಮಾಡಿಕೊಳ್ಳದೆ ಅಂಥ ಊರಿಗೆ ಸಂಸಾರ ಕಟ್ಟಿಕೊಂಡು ಹೋಗಬಾರದು. ಇದಕ್ಕೆ ನಿಲ್ ಒಳ್ಳೆಯ ಉದಾಹರಣೆ.

ಮೆಲ್ಬರ್ನ್–ಅಡಿಲೇಡ್ ನಡುವಿನ ವೆಸ್ಟರ್ನ್ ಹೈವೇಯಲ್ಲಿ, ಹೆಚ್ಚುಕಡಿಮೆ ನಡುದಾರಿಯಲ್ಲಿ, ವಿಮ್ಮೆರಾ ಗೋಧಿ ಬಯಲಿನಲ್ಲಿರುವ ಊರು ಇದು. ಸಾಮಾನು ಸರಂಜಾಮಿಗೆ ದೊಡ್ಡ ಪೇಟೆ ಎಂದರೆ ಸುಮಾರು 75 ಕಿಲೋಮೀಟರ್ ದೂರದ ಹಾರ್ಷಮ್. 2016ರ ಜನಗಣತಿಯಲ್ಲಿ ಊರಿನೊಳಗಿನ ಜನಸಂಖ್ಯೆ 1,749. ನಿಲ್ ಜೊತೆಗೆ ಡಿಂಬೂಲಾ, ಜೆಪರಿಟ್, ರೇನ್‌ಬೋ ಊರುಗಳೂ ಸೇರಿದ ಹಿಂಡ್‌ಮಾರ್ಷ್ ಶೈರ್ (ಸ್ಥಳೀಯ ಆಡಳಿತದ ಪ್ರದೇಶ) ನಮ್ಮ ಒಂದು ಜಿಲ್ಲೆಯಷ್ಟು ವಿಸ್ತಾರ, ಆದರೆ ಒಟ್ಟು ಜನ ಆರು ಸಾವಿರವೂ ಇಲ್ಲ.

ಇಂಥ ಊರುಗಳ ವಯಸ್ಸಿನ ಚಿತ್ರ ಬಿಡಿಸಿದರೆ ಸೊಂಟ ಸಣ್ಣಗಾದ ಬೊಂಬೆಯಂತೆ ಕಾಣುತ್ತದೆ. ಶಾಲೆ ಮುಗಿದೊಡನೆ ಹುಡುಗರು ಬ್ಯಾಲರಾಟ್‌ಗೋ ಮೆಲ್ಬರ್ನ್‌ಗೋ ಹೋಗುತ್ತಾರೆ, ಹದಿನೆಂಟರಿಂದ ಮೂವತ್ತರವರೆಗಿನ ಪಟ್ಟಿ ತೆಳ್ಳಗಾಗುತ್ತದೆ, ಅರವತ್ತು ದಾಟಿದವರ ಪಟ್ಟಿ ದಪ್ಪಗಾಗುತ್ತದೆ. ದೊಡ್ಡ ಯಂತ್ರಗಳು ಬಂದಂತೆ ಒಬ್ಬೊಬ್ಬ ರೈತ ಪಕ್ಕದವರ ಹೊಲ ಕೊಂಡು ಕೃಷಿ ಹಿಗ್ಗಿಸಿದ, ಹೊಲದ ಜೊತೆ ಒಂದೊಂದು ಸಂಸಾರವೂ ಊರಿನಿಂದ ಕಳಚಿಕೊಂಡಿತು. ವಿಮ್ಮೆರಾದ ಎಲ್ಲ ಊರುಗಳದ್ದೂ ಇದೇ ಪಾಡು.

ನಿಲ್ ಬೇರೆಯಾದದ್ದು 2010ರಿಂದ. ಅಲ್ಲಿನ ಬಾತುಕೋಳಿ ಮಾಂಸದ ಕಂಪನಿ ಲವ್-ಎ-ಡಕ್‌ಗೆ ಕೆಲಸಗಾರರು ಬೇಕಿದ್ದರು, ಊರಿನಲ್ಲಿ ಖಾಲಿ ಕೈ ಇರಲಿಲ್ಲ. ಆಗ ಅದರ ಮುಖ್ಯಸ್ಥರಾಗಿದ್ದ ಜಾನ್ ಮಿಲಿಂಗ್ಟನ್ ಮೆಲ್ಬರ್ನ್‌ನ ವೆರಿಬೀಯಲ್ಲಿ ನೆಲೆಸಿದ್ದ ಕರೆನ್ ಜನಾಂಗದ ನಿರಾಶ್ರಿತರನ್ನು ಕರೆತಂದರು. ಮ್ಯಾನ್ಮಾರ್ ಬಿಟ್ಟು ಥಾಯ್ಲೆಂಡ್ ಗಡಿಯ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದ ಜನ ಅವರು. ಒಂದೇ ಸಲಕ್ಕೆ ನೂರು ಜನರನ್ನು ತಂದು ಇಳಿಸಲಿಲ್ಲ. ಮೊದಲು ಕೆಲವರು ಬಂದರು, ಊರಿನವರಿಗೆ ಮುಂಚಿತವಾಗಿ ತಿಳಿಹೇಳಲಾಯಿತು, ಆಮೇಲೆ ಸಂಸಾರಗಳು ಬಂದವು. 2015ರಲ್ಲಿ ವಲಸಿಗರಿಗೆ ನೆಲೆಯೂರಲು ನೆರವಾಗುವ ಏಮ್ಸ್ ಸಂಸ್ಥೆ ಮತ್ತು ಸಲಹಾ ಕಂಪನಿ ಡೆಲಾಯ್ಟ್ ಲೆಕ್ಕ ಹಾಕಿದಾಗ 160ಕ್ಕೂ ಹೆಚ್ಚು ಕರೆನ್ ಜನ ಅಲ್ಲಿದ್ದರು. ಅವರಿಂದ ಆ ಭಾಗದಲ್ಲಿ 70.5 ಪೂರ್ಣಾವಧಿ ಉದ್ಯೋಗಗಳಷ್ಟು ಹೆಚ್ಚಳ, ಸುಮಾರು 4.15 ಕೋಟಿ ಡಾಲರ್ ಆರ್ಥಿಕ ಲಾಭ ಎಂದು ಆ ವರದಿ ಹೇಳಿತು. ನನ್ನ ಮಟ್ಟಿಗೆ ಹಣದ ಮೊತ್ತಕ್ಕಿಂತ ಮುಖ್ಯವಾದದ್ದು, ತೆಳ್ಳಗಾಗಿದ್ದ ಸೊಂಟಕ್ಕೇ ಜನ ಬಂದು ಸೇರಿದ್ದು. ದುಡಿಯುವ ವಯಸ್ಸಿನ ಅಪ್ಪ ಅಮ್ಮ, ಶಾಲೆಗೆ ಹೋಗುವ ಮಕ್ಕಳು. ಒಂದು ತರಗತಿ ಉಳಿಯಲು ಏಳೆಂಟು ಮಕ್ಕಳು ಸಾಕಾಗುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಖಾಲಿ ಬಿದ್ದಿದ್ದ ಮನೆಗಳು ತುಂಬಿದ ಮೇಲೆ? ಹೊಸ ಮನೆ ಕಟ್ಟಬೇಕು. ಗಂಟು ಇರುವುದೇ ಇಲ್ಲಿ.

ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿವೇಶನ 60,000 ಡಾಲರ್. ಮೂರು ಕೋಣೆಯ 150 ಚದರ ಮೀಟರ್ ಮನೆಗೆ ಚದರ ಮೀಟರಿಗೆ 2,800ರಂತೆ 4,20,000. ಒಟ್ಟು 4,80,000. ಸಾಲ ಕೊಡುವ ಮುನ್ನ, ಮುಗಿದ ಮನೆಗೆ ಬೆಲೆ ಕಟ್ಟಲು ಬ್ಯಾಂಕಿನ ಮೌಲ್ಯಮಾಪಕ ನೋಡುವುದು ಖರ್ಚನ್ನಲ್ಲ, ಅದೇ ಊರಿನಲ್ಲಿ ಈಚೆಗೆ ಮಾರಾಟವಾದ ಮನೆಗಳ ಬೆಲೆಯನ್ನು. ಅವೆಲ್ಲ ಐವತ್ತು ಅರವತ್ತು ವರ್ಷದ ಮರದ ಮನೆಗಳು. ಹೊಸದೆಂದು ಉದಾರವಾಗಿ ಸೇರಿಸಿದರೂ ಅವರು ಬರೆಯುವುದು 3,30,000. ಅದರ ಶೇ 80ರಂತೆ ಬ್ಯಾಂಕು ಕೊಡುವ ಸಾಲ 2,64,000. ಉಳಿದ 2,16,000 ಕೈಯಿಂದ ಹಾಕಬೇಕು. ಅದರಲ್ಲಿ 1,50,000 ಮನೆ ಮುಗಿದ ದಿನವೇ ಕಾಗದದ ಮೇಲೆ ಕರಗಿ ಹೋಗಿರುತ್ತದೆ. ಸಂಬಳ ಚೆನ್ನಾಗಿರುವವರೂ ಇದಕ್ಕೆ ಹಿಂಜರಿಯುತ್ತಾರೆ. ಕಟ್ಟಿ ಮಾರುವವನಂತೂ ಈ ಕಡೆ ತಲೆ ಹಾಕುವುದಿಲ್ಲ.

ಕಟ್ಟುವ ಖರ್ಚು ಇಲ್ಲಿ ಕಡಿಮೆಯೇನೂ ಅಲ್ಲ, ಮೆಲ್ಬರ್ನ್ ಹೊರವಲಯಕ್ಕಿಂತ ಹೆಚ್ಚೇ. ಅಲ್ಲಿ ಒಂದೇ ಬೀದಿಯಲ್ಲಿ ಇಪ್ಪತ್ತು ಮನೆ ಏಳುವುದರಿಂದ ಪ್ಲಂಬರ್ ಒಂದು ಮುಗಿಸಿ ಪಕ್ಕದ್ದಕ್ಕೆ ಹೋಗುತ್ತಾನೆ. ಇಲ್ಲಿ ಒಂದು ಮನೆಗಾಗಿ ಹಾರ್ಷಮ್‌ನಿಂದ ಬಂದು ಹೋಗಬೇಕು, ಆ ಪ್ರಯಾಣದ ಗಂಟೆಗಳೂ ಬಿಲ್ಲಿಗೆ ಸೇರುತ್ತವೆ. ಟೈಲ್ಸ್ ಹಾಕುವವ ಒಂದು ದಿನ ತಪ್ಪಿಸಿದರೆ ಅವನ ಹಿಂದೆ ಬರಬೇಕಾದವರೆಲ್ಲ ವಾರಗಟ್ಟಲೆ ಮುಂದಕ್ಕೆ ಹೋಗುತ್ತಾರೆ. ಅದಕ್ಕೇ ಇಂಥ ಊರುಗಳಿಗೆ ಕಾರ್ಖಾನೆಯಲ್ಲಿ ಕಟ್ಟಿ ಲಾರಿಯಲ್ಲಿ ತರುವ ಮನೆ ಹೆಚ್ಚು ಹೊಂದುತ್ತದೆ. ಆದರೆ ನಿವೇಶನಕ್ಕೆ ಬಂದು ಕೂರುವವರೆಗೂ ಅದು ಜಮೀನಿಗೆ ಸೇರಿದ ಆಸ್ತಿಯಲ್ಲ, ಹಾಗಾಗಿ ಅದಕ್ಕೆ ಹಂತಹಂತವಾಗಿ ಸಾಲ ಬಿಡುಗಡೆ ಮಾಡುವ ಬ್ಯಾಂಕುಗಳು ಕಡಿಮೆ. ಮುಂಗಡ ಕೊಡುವ ಮೊದಲೇ ಇದನ್ನು ಕೇಳಿಕೊಳ್ಳಬೇಕು. 2023ರಲ್ಲಿ ರಾಜ್ಯ ಸರ್ಕಾರ ಪ್ರಾದೇಶಿಕ ಕೆಲಸಗಾರರ ವಸತಿಗೆಂದೇ 15 ಕೋಟಿ ಡಾಲರ್ ನಿಧಿ ಘೋಷಿಸಿದ್ದು ಈ ಅಂತರ ತುಂಬಲಿಕ್ಕೆ. ಮಾರುಕಟ್ಟೆ ತಾನಾಗಿ ಇದನ್ನು ತುಂಬುತ್ತದೆ ಎಂದು ನಾನು ನಂಬುವುದಿಲ್ಲ.

ಇನ್ನು ಜಾಲತಾಣದಲ್ಲಿ ಕಾಣುವ ‘ಮಧ್ಯಮ ಬೆಲೆ’. ಊರಿನಲ್ಲಿ ಒಂದು ವರ್ಷ ಏಳು ಮನೆ ಮಾರಾಟವಾದವು ಎನ್ನಿ: ಸಾವಿರಗಳಲ್ಲಿ 120, 150, 180, 210, 340, 360, 390. ನಡುವಿನದು 210. ಮುಂದಿನ ವರ್ಷ 120ರದ್ದು ಇಲ್ಲ, 400ರದ್ದೊಂದು ಬಂತು, ಉಳಿದವು ಅದೇ ದರದಲ್ಲಿ ಹೋದವು. ಈಗ ನಡುವಿನದು 340. ಯಾವ ಮನೆಯ ಬೆಲೆಯೂ ಒಂದು ಡಾಲರ್ ಏರಿಲ್ಲ, ಆದರೆ ‘ಶೇ 62 ಏರಿಕೆ’ ಎಂದು ಶೀರ್ಷಿಕೆ ಬರುತ್ತದೆ. ಸಣ್ಣ ಊರಿನ ಮಧ್ಯಮ ಬೆಲೆ ಮರೆತುಬಿಡಿ. ಕಳೆದ ಎರಡು ವರ್ಷದ ಮಾರಾಟಗಳನ್ನು ಒಂದೊಂದಾಗಿ ತೆರೆದು ಗೋಡೆ ಯಾವುದರದ್ದು, ನಿವೇಶನ ಎಷ್ಟು, ತಳ ಎಂಥದ್ದು ಎಂದು ಬರೆದುಕೊಳ್ಳಿ. ಒಂದು ಸಂಜೆಯ ಕೆಲಸ ಅಷ್ಟೇ.

ಜನಗಣತಿಯ ಅಂಕಿಯಲ್ಲೂ ಎರಡು ಕಡೆ ಎಡವುತ್ತಾರೆ. ಒಂದೇ ಹೆಸರಿನಲ್ಲಿ ಊರಿನೊಳಗಿನ ಲೆಕ್ಕವೂ ಇರುತ್ತದೆ, ಸುತ್ತಲಿನ ಹೊಲಮನೆಗಳನ್ನು ಸೇರಿಸಿದ ಲೆಕ್ಕವೂ ಇರುತ್ತದೆ. ಒಂದು ವರ್ಷದ್ದನ್ನು ಇನ್ನೊಂದರ ಜೊತೆ ಹೋಲಿಸುವಾಗ ಗಡಿ ಒಂದೇ ಇದೆಯೇ ನೋಡಬೇಕು. ಎರಡನೆಯದು, ಗುಟ್ಟು ಕಾಪಾಡಲು ಅಂಕಿಅಂಶ ಇಲಾಖೆ ಸಣ್ಣ ಸಂಖ್ಯೆಗಳನ್ನು ತುಸು ಆಚೀಚೆ ಮಾಡಿಯೇ ಪ್ರಕಟಿಸುತ್ತದೆ. ‘ಭಾರತದಲ್ಲಿ ಹುಟ್ಟಿದವರು 4’ ಎಂದಿದ್ದರೆ ಅದು ಮೂರೂ ಇರಬಹುದು, ಆರೂ ಇರಬಹುದು.

2021ರ ಜನಗಣತಿಯ ರಾತ್ರಿ, ಆಗಸ್ಟ್ 10ರಂದು, ದೇಶದಾದ್ಯಂತ ಸುಮಾರು ಹತ್ತರಲ್ಲೊಂದು ಮನೆಯಲ್ಲಿ ಯಾರೂ ಇರಲಿಲ್ಲ. ಹಾಗಿದ್ದರೆ ಹಳ್ಳಿಯ ಖಾಲಿ ಮನೆ ಕೊಡಬಹುದಲ್ಲ ಎಂದು ಕೇಳುವವರಿದ್ದಾರೆ. ಖಾಲಿ ಎಂದರೆ ಸಿಗುತ್ತದೆ ಎಂದಲ್ಲ. ತೀರಿಹೋದವರ ಮನೆ ಮಕ್ಕಳ ನಡುವೆ ಇತ್ಯರ್ಥವಾಗದೆ ನಿಂತಿರುತ್ತದೆ, ಆಸ್ಪತ್ರೆ ಬದಲಿ ವೈದ್ಯರಿಗೆಂದು ಒಂದನ್ನು ಹಿಡಿದಿಟ್ಟಿರುತ್ತದೆ, ರೈತನೊಬ್ಬ ವಯಸ್ಸಾದಾಗ ಇರಲೆಂದು ಇನ್ನೊಂದನ್ನು ಕೊಂಡು ಬೀಗ ಹಾಕಿರುತ್ತಾನೆ. ಬಾಡಿಗೆಗೆ ಕೊಡೋಣವೆಂದರೆ ವಿಕ್ಟೋರಿಯಾದಲ್ಲಿ ಕನಿಷ್ಠ ಮಾನದಂಡಗಳಿವೆ: ಮುಖ್ಯ ಕೋಣೆಯಲ್ಲಿ ಸ್ಥಿರ ಹೀಟರ್, ಸೇಫ್ಟಿ ಸ್ವಿಚ್ ಇರುವ ವಿದ್ಯುತ್ ಬೋರ್ಡ್, ಎರಡು ವರ್ಷಕ್ಕೊಮ್ಮೆ ವಿದ್ಯುತ್ ಮತ್ತು ಗ್ಯಾಸ್ ತಪಾಸಣೆ. ಬಾಡಿಗೆದಾರನಿಗೆ ಇವೆಲ್ಲ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಾರಕ್ಕೆ 250 ಡಾಲರ್ ಬರುವ ಮನೆಗೆ ಇಪ್ಪತ್ತು ಸಾವಿರ ಸುರಿಯುವ ಬದಲು ಮಾಲೀಕ ಬೀಗ ಹಾಕಿಡುತ್ತಾನೆ. ಇನ್ನೊಂದು ಕಡೆ ಎಂಬತ್ತು ದಾಟಿದ ಅಜ್ಜಿ ಮೂರು ಕೋಣೆಯ ಮನೆಯಲ್ಲಿ ಒಬ್ಬಳೇ. ಊರಿನಲ್ಲಿ ಎರಡು ಕೋಣೆಯ ಪುಟ್ಟ ಮನೆಗಳಿದ್ದಿದ್ದರೆ ಆಕೆ ಅಲ್ಲಿಗೆ ಹೋಗುತ್ತಿದ್ದಳು, ಈ ಮನೆ ಮಕ್ಕಳಿರುವ ಸಂಸಾರಕ್ಕೆ ಸಿಗುತ್ತಿತ್ತು. ನನ್ನನ್ನು ಕೇಳಿದರೆ ಇಂಥ ಊರಿನಲ್ಲಿ ಮೊದಲು ಕಟ್ಟಬೇಕಾದದ್ದು ನಾಲ್ಕು ಕೋಣೆಯ ಮನೆಯಲ್ಲ, ಮುದುಕರಿಗಾಗಿ ಮೆಟ್ಟಿಲಿಲ್ಲದ ಪುಟ್ಟ ಮನೆ.

ಕೊನೆಗೂ ಮನೆಯೊಂದು ಮಾರಾಟಕ್ಕೆ ಬಂತು ಎನ್ನಿ. ಗೋಡೆಯ ಬಣ್ಣ ನೋಡಬೇಡಿ, ನೆಲದಡಿ ನೋಡಿ. ಹಳೆಯ ವೆದರ್‌ಬೋರ್ಡ್ (ಮರದ ಹಲಗೆ ಹೊದಿಸಿದ ಗೋಡೆಯ) ಮನೆಗಳು ನಿಂತಿರುವುದು ರೆಡ್‌ಗಮ್ ಮರದ ಗಿಡ್ಡ ಕಂಬಗಳ ಮೇಲೆ, ಅಲ್ಲಿಯವರು ಸ್ಟಂಪ್ ಎನ್ನುವುದು ಅದನ್ನೇ. ಕಂಬ ಮೇಲೆ ಕಬ್ಬಿಣದಂತಿರುತ್ತದೆ, ಕೊಳೆಯುವುದು ಮಣ್ಣಿಗೆ ತಾಗುವ ನಾಲ್ಕು ಬೆರಳಿನ ಜಾಗದಲ್ಲಿ. ಟಾರ್ಚ್ ಹಿಡಿದು ತೆವಳಿ ಹೋಗಿ ಅಲ್ಲಿನ ಮಣ್ಣು ಸ್ವಲ್ಪ ಕೆದಕಿ ಸ್ಕ್ರೂಡ್ರೈವರ್ ಒತ್ತಬೇಕು. ಟಣ್ಣನೆ ತಡೆದರೆ ಸರಿ, ರೊಟ್ಟಿಗೆ ಬೆರಳು ಒತ್ತಿದಂತೆ ಇಳಿದರೆ ಕಂಬ ಹೋಗಿದೆ. ಬಚ್ಚಲು, ಅಡುಗೆಮನೆಯ ಕೆಳಗಿನ ಕಂಬಗಳನ್ನು ಮೊದಲು ನೋಡಿ, ನೀರು ಸೋರಿ ಮೊದಲು ಕೊಳೆಯುವವು ಅವೇ. ಕಂಬ ಬದಲಿಸಲು ಬಿಲ್ಡಿಂಗ್ ಪರ್ಮಿಟ್ ಬೇಕು, ಖರ್ಚು ಹತ್ತು ಸಾವಿರ ಡಾಲರ್ ಮೀರುವುದು ಮಾಮೂಲು. ಮನೆಯನ್ನು ಜ್ಯಾಕ್ ಕೊಟ್ಟು ಮಟ್ಟಕ್ಕೆ ಎತ್ತುವಾಗ ಗೋಡೆಯ ಪ್ಲಾಸ್ಟರ್ ಬಿರಿಯುತ್ತದೆ, ಬಾಗಿಲು ಸೊಟ್ಟಗಾಗುತ್ತದೆ, ಒಮ್ಮೊಮ್ಮೆ ಪೈಪ್ ಜೋಡಣೆಯೂ ಕಿತ್ತುಬರುತ್ತದೆ. ಹಾಗಾಗಿ ಕಂಬದ ಕೆಲಸ ಮೊದಲು, ಬಣ್ಣ ಟೈಲ್ಸ್ ಆಮೇಲೆ. ತಿರುವುಮುರುವು ಮಾಡಿದರೆ ಎರಡು ಸಲ ದುಡ್ಡು.

ವಿಮ್ಮೆರಾದ ಬೂದು ಜೇಡಿ ನಮ್ಮ ಧಾರವಾಡ ಗದಗಿನ ಎರೆಮಣ್ಣಿನ ಜಾತಿಯದೇ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಎರೆ ಹೊಲ ನೋಡಿದವರಿಗೆ ಬೇರೆ ವಿವರಣೆ ಬೇಡ. ಫೆಬ್ರವರಿಯಲ್ಲಿ ಸಲೀಸಾಗಿ ಮುಚ್ಚುವ ಬಾಗಿಲು ಜುಲೈನಲ್ಲಿ ಸಿಕ್ಕಿಹಾಕಿಕೊಂಡರೆ ನೆಲ ಉಸಿರಾಡುತ್ತಿದೆ ಎಂದರ್ಥ. ಬಾಗಿಲ ಮೂಲೆಯಿಂದ ಓರೆಯಾಗಿ ಮೇಲೇರುವ ಬಿರುಕು ಅದರದೇ ಗುರುತು. ಒಂದು ಬದಿಯ ಗೋಡೆಗೆ ಹತ್ತಿಕೊಂಡು ಮರ ಇದ್ದರೆ, ಅಥವಾ ತಗಡಿನ ನೀರು ಒಂದೇ ಮೂಲೆಗೆ ಬೀಳುತ್ತಿದ್ದರೆ, ಒಂದು ಕಡೆ ಕುಸಿದು ಇನ್ನೊಂದು ಕಡೆ ಎದ್ದಿರುತ್ತದೆ. ಹೊಸ ಮನೆ ಕಟ್ಟುವವರು ಮಣ್ಣು ಪರೀಕ್ಷೆ ಮಾಡಿಸದೆ ಗುತ್ತಿಗೆಗೆ ಸಹಿ ಹಾಕಬಾರದು. ವರದಿಯಲ್ಲಿ ಎಂ ಬದಲು, ಮಣ್ಣು ಇನ್ನೂ ಹೆಚ್ಚು ಉಬ್ಬಿ ಕುಗ್ಗುತ್ತದೆ ಎನ್ನುವ ಎಚ್ ಅಥವಾ ಇ ವರ್ಗ ಬಂದರೆ ತಳಪಾಯದ ಖರ್ಚು ಜಿಗಿಯುತ್ತದೆ.

1990ಕ್ಕೆ ಮುಂಚಿನ ಮನೆಯಾದರೆ ಬಚ್ಚಲ ಗೋಡೆ, ಸೂರಿನ ಕೆಳಹಲಗೆ, ಮೀಟರ್ ಬೋರ್ಡ್, ಬೇಲಿ ಇವುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದೆ ಎಂದೇ ತಿಳಿದು ನಡೆಯಿರಿ. ಇದ್ದಲ್ಲೇ ಇದ್ದರೆ ಅಪಾಯ ಕಡಿಮೆ. ಡ್ರಿಲ್ ಹಾಕಿದಾಗ, ಒಡೆದಾಗ, ಮರಳುಕಾಗದ ತಿಕ್ಕಿದಾಗ ಏಳುವ ಧೂಳೇ ವಿಷ. ತೆಗೆಸುವುದಾದರೆ ಪರವಾನಗಿ ಇದ್ದವರಿಂದಲೇ ತೆಗೆಸಬೇಕು.

ಕಾಗದಪತ್ರದಲ್ಲಿ ಮುಖ್ಯವಾದದ್ದು ಮಾರುವವರು ಕೊಡುವ ಸೆಕ್ಷನ್ 32 ಹೇಳಿಕೆ. ಕಳೆದ ಏಳು ವರ್ಷದ ಬಿಲ್ಡಿಂಗ್ ಪರ್ಮಿಟ್‌ಗಳು ಅದರಲ್ಲಿರಬೇಕು. ಹೊಸ ಸ್ನಾನದಮನೆ ಕಣ್ಣಿಗೆ ಕಾಣುತ್ತಿದ್ದು ಅದಕ್ಕೆ ಹೊಂದುವ ಕಾಗದ ಕಾಣದಿದ್ದರೆ ಕಾರಣ ಕೇಳಿ. ಜಾಗ ಕೃಷಿಗೆಂದು ಗುರುತಿಸಿದ ಫಾರ್ಮಿಂಗ್ ವಲಯದಲ್ಲಿದ್ದರೆ ಹೆಚ್ಚು ಎಚ್ಚರ ಬೇಕು. ಅಲ್ಲಿ ಸಾಮಾನ್ಯವಾಗಿ 40 ಹೆಕ್ಟೇರ್‌ಗಿಂತ ಸಣ್ಣ ಜಮೀನಿನಲ್ಲಿ ಮನೆ ಕಟ್ಟಲು ಯೋಜನಾ ಪರವಾನಗಿ ಬೇಕು, ಅದು ಸಿಕ್ಕೇ ಸಿಗುತ್ತದೆಂದಿಲ್ಲ. ಹರಾಜಿನಲ್ಲಿ ಕೊಂಡದ್ದಲ್ಲವಾದರೆ ಸಾಮಾನ್ಯವಾಗಿ ಸಹಿ ಹಾಕಿದ ಮೇಲೂ ಮೂರು ಕೆಲಸದ ದಿನಗಳೊಳಗೆ ಹಿಂದೆ ಸರಿಯಬಹುದು. ಆದರೂ ‘ಸಾಲ ಮಂಜೂರಾದರೆ ಮಾತ್ರ’ ಎಂಬ ಷರತ್ತು ಬರೆಸಿಕೊಳ್ಳಿ, ಏಕೆಂದರೆ ಸಣ್ಣ ಊರಿನ ಪಿನ್‌ಕೋಡ್‌ಗೆ ಕೆಲವು ಬ್ಯಾಂಕುಗಳು ಶೇ 70ಕ್ಕೇ ಸಾಲ ನಿಲ್ಲಿಸುತ್ತವೆ. ನೋಂದಣಿ ತೆರಿಗೆ, ವಾಸಕ್ಕೆಂದು ಕೊಳ್ಳುವ 2,50,000ದ ಮನೆಗೆ 8,870 ಡಾಲರ್. ಮೊದಲ ಮನೆ ಕೊಳ್ಳುವ ನಾಗರಿಕರಿಗೆ, ಕಾಯಂ ನಿವಾಸಿಗಳಿಗೆ 6,00,000ದವರೆಗೆ ಅದೂ ಇಲ್ಲ.

491 ವೀಸಾದವರಿಗೆ ಈ ವಿನಾಯಿತಿ ಸಿಗುವುದಿಲ್ಲ. ಅದು ತಾತ್ಕಾಲಿಕ ವೀಸಾ, ಕಾನೂನಿನ ಕಣ್ಣಿಗೆ ನೀವು ವಿದೇಶಿ ಖರೀದಿದಾರರು. 2025ರ ಏಪ್ರಿಲ್ 1ರಿಂದ ವಿದೇಶಿಯರು ಹಳೆಯ ಮನೆ ಕೊಳ್ಳುವುದನ್ನೇ ಕೇಂದ್ರ ಸರ್ಕಾರ ನಿಷೇಧಿಸಿದೆ, ವಿನಾಯಿತಿಗಳು ಬೆರಳೆಣಿಕೆಯಷ್ಟು. ಅನುಮತಿ ಪಡೆದು ನಿವೇಶನ ಕೊಂಡು ಹೊಸ ಮನೆ ಕಟ್ಟಬಹುದು, ಆದರೆ ಆ ಖರೀದಿಗೂ ರಾಜ್ಯದ ಹೆಚ್ಚುವರಿ ಶೇ 8 ತೆರಿಗೆ ಬೀಳುತ್ತದೆ. ಅಂದರೆ ಅಗ್ಗದ ಹಳೆಯ ಮನೆಯ ದಾರಿ ನಿಮಗೆ ಮುಚ್ಚಿದೆ, ತೆರೆದಿರುವುದು ಆ ಒಂದೂವರೆ ಲಕ್ಷ ಕರಗುವ ದಾರಿ. ಪ್ರಾದೇಶಿಕ ಊರುಗಳಲ್ಲಿ ಮೂರು ವರ್ಷ ಇದ್ದು 191 ಎಂಬ ಕಾಯಂ ವೀಸಾಕ್ಕೆ ಅರ್ಜಿ ಹಾಕಿ ಕಾಯಂ ನಿವಾಸ ಸಿಗುವವರೆಗೂ ಬಾಡಿಗೆಯೇ ಸರಿ. ಹಾಗಾಗಿ ಕೆಲಸದ ಪತ್ರಕ್ಕೆ ಸಹಿ ಹಾಕುವ ಮುನ್ನ ಉದ್ಯೋಗದಾತರನ್ನು ಮನೆಯ ಬಗ್ಗೆ ಕೇಳಿ. ಬಾಡಿಗೆ ಎಷ್ಟು, ಎಷ್ಟು ತಿಂಗಳಿಗೆ, ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕೇ, ಬಿಡಲು ಎಷ್ಟು ದಿನ ಕೊಡುತ್ತಾರೆ, ಎಲ್ಲವನ್ನೂ ಬರಹದಲ್ಲಿ ತೆಗೆದುಕೊಳ್ಳಿ. ಇಂಥ ಊರಿನಲ್ಲಿ ಬಾಡಿಗೆ ಮನೆ ಜಾಲತಾಣಕ್ಕೆ ಬರುವ ಮೊದಲೇ ಬಾಯಿಂದ ಬಾಯಿಗೆ ಹೋಗಿ ತುಂಬಿಬಿಡುತ್ತದೆ. ಆಸ್ಪತ್ರೆ, ಶಾಲೆ, ಕಾರ್ಖಾನೆಯ ಕಚೇರಿಗಳಲ್ಲಿ ವಿಚಾರಿಸಿದವರಿಗೆ ಸುದ್ದಿ ಮೊದಲು ಮುಟ್ಟುತ್ತದೆ.