ಬೀಜದ ಚೀಲ ಲಾರಿ ಹತ್ತಿದ ದಿನ

ಹೊಸದುರ್ಗದ ಕಡೆ ನಾನು ನೋಡಿಕೊಳ್ಳುವ ಎಫ್‌ಪಿಒ (ರೈತ ಉತ್ಪಾದಕರ ಸಂಸ್ಥೆ) ಗೋದಾಮಿನ ಮೂಲೆಯಲ್ಲಿ ನಾಲ್ಕು ಚೀಲ ಸಾವೆ (ಸಾಮೆ ಸಿರಿಧಾನ್ಯ) ಬೇರೆಯೇ ಇರುತ್ತಿತ್ತು. ಅದು ಬಿತ್ತನೆಯದು. ಎರಡು ಕ್ವಿಂಟಾಲ್ ಅಂದರೆ, ಎಕರೆಗೆ ನಾಲ್ಕು ಕೆಜಿ ಲೆಕ್ಕದಲ್ಲಿ 50 ಎಕರೆ ಖುಷ್ಕಿ. ಒಂದು ಕೆಜಿ ಒಯ್ದವರು ಸುಗ್ಗಿಗೆ ಎರಡು ಕೆಜಿ ತಂದು ಅಳೆಯಬೇಕು, ಅಷ್ಟೇ ನಿಯಮ.

2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ. ಬೆಂಗಳೂರಿನಿಂದ ಫೋನ್ ಮೇಲೆ ಫೋನ್. ಫೆಬ್ರವರಿಯಲ್ಲಿ 50 ಕ್ವಿಂಟಾಲ್ ಸಾವೆಗೆ ಆರ್ಡರ್ ಬಂತು. ಒಳ್ಳೆಯ ರೇಟು. ತೂಕ ಹಾಕಿದರೆ 48. ಕಡಿಮೆ ಬಿದ್ದರೆ ಇಡೀ ಲಾಟ್ ಬೇಡ ಅಂತ ಖರೀದಿದಾರರು ಮೊದಲೇ ಹೇಳಿದ್ದರು.

ಲಾರಿ ಬಾಗಿಲಿಗೆ ಹಿಂಬದಿ ಕೊಟ್ಟು ನಿಂತಿತ್ತು. ಡ್ರೈವರ್ ಇಂಜಿನ್ ಕೂಡ ಆರಿಸಿರಲಿಲ್ಲ. ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ನಾನು 50 ಕ್ವಿಂಟಾಲ್‌ಗೇ ತೆಗೆದಾಗಿತ್ತು. ಹಮಾಲರು ನನ್ನ ಮುಖ ನೋಡಿದರು, ನಾನು ಮೂಲೆಯ ಚೀಲ ನೋಡಿದೆ. ಬೀಜ ನೋಡಿಕೊಳ್ಳುವ ಅಜ್ಜಿ ಅಲ್ಲೇ ಇದ್ದರು.

"ಸಾರ್, ಬಿತ್ತನೇದು ಅದು. ಮುಟ್ಟಬೇಡಿ."

"ಮುಂಗಾರಿಗೆ ಇನ್ನೂ ನಾಲ್ಕು ತಿಂಗಳಿದೆ ಅಜ್ಜಿ, ಬೇರೆ ತರಿಸ್ತೀನಿ."

ಅವರು ವಾದಿಸಲಿಲ್ಲ. ಬಂದು ಕುಕ್ಕರಗಾಲಲ್ಲಿ ಕೂತು, ತಾವೇ ಚೀಲದ ಬಾಯಿ ಬಿಚ್ಚಿ, ಹುಳ ಬೀಳದಿರಲಿ ಅಂತ ಹಾಕಿದ್ದ ಒಣ ಲಕ್ಕಿ ಸೊಪ್ಪನ್ನು ಮೊರದಲ್ಲಿ ಹಾರಿಸಿ ತೆಗೆದರು. ನಾಲ್ಕು ಚೀಲಕ್ಕೆ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಯಾವ ಗಳಿಗೆಯಲ್ಲಾದರೂ ನಾನು ಬೇಡ ಅನ್ನಬಹುದಿತ್ತು. ಫೋನಿನಲ್ಲಿ ಲಾರಿ ನಂಬರ್ ಕಳಿಸುತ್ತಾ ನಿಂತಿದ್ದೆ. ಲಾರಿ ಹೋದ ಮೇಲೆ ನೆಲದ ಮೇಲೆ ಲಕ್ಕಿ ಸೊಪ್ಪಿನ ಪುಡಿ, ಅದರ ಘಾಟು.

ಜೂನ್ ಒಣಗಿಯೇ ಹೋಯಿತು. ಜುಲೈ ಕೊನೆಗೆ ಪುಷ್ಯ ಮಳೆ ಹಿಡಿಯಿತು. ನಮ್ಮ ಕೆಂಪು ನೆಲದಲ್ಲಿ ಹದ ನಿಲ್ಲುವುದು ಎರಡು ಮೂರು ದಿನ. ನಾನು ವ್ಯಾಪಾರಿಯೊಬ್ಬರಿಂದ ತರಿಸಿದ್ದ ಬೀಜವನ್ನು ಆ ಅವಸರದಲ್ಲಿ ಮೊಳಕೆ ನೋಡದೆ ಹಂಚಿದೆ. ವಾರ ಕಳೆದರೂ ಸಾಲು ಹಸಿರಾಗಲಿಲ್ಲ. ಆಮೇಲೆ ಒದ್ದೆ ಗೋಣಿತಾಟಿನಲ್ಲಿ ನೂರು ಕಾಳು ಸುತ್ತಿಟ್ಟು ಎಣಿಸಿದೆ: 41 ಮೊಳೆತಿದ್ದವು. ಬಿತ್ತುವ ಮೊದಲು ಮಾಡಬೇಕಿದ್ದ ಕೆಲಸ ಅದು. ಮತ್ತೆ ಬಿತ್ತೋಣ ಅಂದರೆ ಆಗಸ್ಟಿನಲ್ಲಿ ಮಳೆಯೇ ಇಲ್ಲ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಬರ ನನ್ನಿಂದ ಬಂದದ್ದಲ್ಲ, ನಿಜ. ಆದರೆ ಮನೆಯ ಗುಡಾಣದಲ್ಲಿ ಬೂದಿ ಬೆರೆಸಿಟ್ಟ ಬೀಜವನ್ನು ಅದೇ ಹದಕ್ಕೆ ಬಿತ್ತಿದ್ದ ಏಳೆಂಟು ಮನೆಯವರು ಅಷ್ಟಿಷ್ಟು ಕಾಳು ಕಂಡರು. ಅಕ್ಕಡಿ ಸಾಲಿನಲ್ಲಿ, ಅಂದರೆ ಮುಖ್ಯ ಬೆಳೆಯ ನಡುವಿನ ಸಾಲಿನಲ್ಲಿ, ತೊಗರಿ, ಅವರೆ ಹಾಕಿದ್ದವರಿಗೆ ಸಾರಿಗಾದರೂ ಆಯಿತು. ನನ್ನನ್ನು ನಂಬಿದವರಿಗೆ ಕಾಳೂ ಇಲ್ಲ, ದನಕ್ಕೆ ಹುಲ್ಲೂ ಇಲ್ಲ. ಅವರೆಲ್ಲ ಒಂದೆರಡು ಎಕರೆಯವರು, ಬೋರ್‌ವೆಲ್ ಇಲ್ಲದವರು. ಸಾವೆ ಬೆಳೆಯುವ ಮನೆಯಲ್ಲಿ ಮಕ್ಕಳು ವರ್ಷವಿಡೀ ಬರೀ ರೇಷನ್ ಅಕ್ಕಿ ಉಂಡರು.

ಹೆಡ್ ಆಫೀಸಿನಲ್ಲಿ ಮಾತ್ರ ಲಾರಿ ಹೋದ ಆ ತ್ರೈಮಾಸಿಕಕ್ಕೆ ನನಗೆ ಚಪ್ಪಾಳೆ ಸಿಕ್ಕಿತ್ತು. ಯಾಕೆಂದರೆ ನಾವು ಕಳಿಸುವ ಎಂಪಿಆರ್‌ನಲ್ಲಿ (ತಿಂಗಳ ಪ್ರಗತಿ ವರದಿ) ಇರುವುದು ಖರೀದಿ, ಮಾರಾಟ, ಟರ್ನ್‌ಓವರ್. ಎಷ್ಟು ಕಾಳು ಮನೆಯಲ್ಲಿ ಉಳಿಯಿತು, ಎಷ್ಟು ಬೀಜ ಊರಲ್ಲಿದೆ ಅಂತ ಕೇಳುವ ಕಾಲಂ ಇಲ್ಲ. ಟಾರ್ಗೆಟ್ ಶೀಟ್ ನೋಡಿಕೊಂಡು ಕೆಲಸ ಮಾಡಿದರೆ ನನ್ನಂಥವರು ಮತ್ತೆ ಮತ್ತೆ ಅದೇ ನಾಲ್ಕು ಚೀಲಕ್ಕೆ ಕೈ ಹಾಕುತ್ತೇವೆ.

ಸಂಘದ ಸಭೆಯಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಯಾರೂ ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಮೊದಲು ಬೀಜ, ಆಮೇಲೆ ಮನೆಯ ಊಟ, ಮಿಕ್ಕಿದ್ದು ಲಾರಿಗೆ ಅಂತ ಅವರೇ ಬರೆಸಿದರು. 2024ರ ಮುಂಗಾರಿಗೆ ಅಜ್ಜಿ ತಮ್ಮ ಗುಡಾಣದಿಂದ ಮೂರು ಸೇರು ಅಳೆದು ಹಾಕಿ ಬೀಜದ ಚೀಲ ಮತ್ತೆ ಶುರು ಮಾಡಿದರು. ಗೋದಾಮಿನ ಬೀಜದ ಕೋಣೆಗೆ ಬೇರೆ ಬೀಗ ಬಿತ್ತು. ಅದರ ಕೀ ಅವರ ಹತ್ತಿರವೇ ಇದೆ.

ಎಂಪಿಆರ್‌ಗೆ ಎರಡು ಕಾಲಂ ಸೇರಿಸಿ ಅಂತ ಮೂರು ಸಲ ಮೇಲ್ ಹಾಕಿದ್ದೇನೆ. ಇನ್ನೂ ಸೇರಿಸಿಲ್ಲ. ಅಲ್ಲಿಯವರೆಗೆ ಷರಾ ಕಾಲಂನಲ್ಲಿ ಕೈಯಲ್ಲೇ ಬರೆದು ಕಳಿಸುತ್ತಿದ್ದೇನೆ: ಬೀಜ ಇಷ್ಟು, ಮನೆಗೆ ಇಷ್ಟು.